ಅಪ್‌ಗ್ರೇಡ್ ಆದ ಮೇಲೆ ಸೈಟ್ ಕೆಟ್ಟಿದೆಯೇ? ವರ್ಡ್‌ಪ್ರೆಸ್ ಸೈಟನ್ನು ತಾವೇ ನೋಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ವಾರಪತ್ರಿಕೆ, ಕನ್ನಡ ಸಂಘ, ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗ, ಒಬ್ಬರೇ ನಡೆಸುವ ಸಾಹಿತ್ಯದ ತಾಣ. ಇಂಥ ಸೈಟುಗಳಿಗೆ ಕೈಹಿಡಿಯಲು ಕಂಪನಿ ಇರುವುದಿಲ್ಲ. ಯಾರೋ ಒಬ್ಬರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಾರೆ. ಹೋಸ್ಟಿಂಗ್‌ನವರು ಪಿಎಚ್‌ಪಿ (ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಅನ್ನು ಬರೆದ ಭಾಷೆ) ಬದಲಿಸಿದಾಗ, ಸರ್ವರ್ ಬದಲಾದಾಗ, ವರ್ಡ್‌ಪ್ರೆಸ್ ಹೊಸ ಆವೃತ್ತಿಗೆ ಹೋದಾಗ ಎಲ್ಲ ಫೋನ್ ಕರೆಗಳೂ ಅವರಿಗೇ ಬರುತ್ತವೆ. ಈ ಪುಟ ಅವರಿಗಾಗಿ. ಫೈಲು, ಫೋಲ್ಡರ್, ಸಂದೇಶಗಳ ಹೆಸರನ್ನು ಬಾಯಲ್ಲಿ ಹೇಳುವಂತೆಯೇ ಬರೆದಿದೆ, ಪರದೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ.

ಸೈಟ್ ತೆರೆಯುತ್ತಿಲ್ಲ. ಮೊಟ್ಟಮೊದಲು ಏನು ಮಾಡಲಿ?

ಬ್ಯಾಕಪ್ ತೆಗೆದುಕೊಳ್ಳಿ. ಕೆಟ್ಟ ಸ್ಥಿತಿಯಲ್ಲಿದ್ದರೂ ಸರಿ, ಈಗ ಹೇಗಿದೆಯೋ ಹಾಗೆಯೇ. ವರ್ಡ್‌ಪ್ರೆಸ್ ಮತ್ತೆ ಡೌನ್‌ಲೋಡ್ ಆಗುತ್ತದೆ, ಥೀಮ್ (ಸೈಟಿನ ವಿನ್ಯಾಸ) ಸಿಗುತ್ತದೆ, ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ತುಣುಕು) ಸಿಗುತ್ತದೆ. ಹತ್ತು ವರ್ಷ ಬರೆದ ಲೇಖನಗಳು ಮತ್ತು ನೀವು ಏರಿಸಿದ ಫೋಟೊಗಳು ಇನ್ನೆಲ್ಲಿಯೂ ಸಿಗುವುದಿಲ್ಲ. ಲೇಖನಗಳು ಡೇಟಾಬೇಸಿನಲ್ಲಿವೆ, ಫೋಟೊಗಳು ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಅಪ್‌ಲೋಡ್ಸ್ ಫೋಲ್ಡರಿನಲ್ಲಿವೆ. ಈ ಎರಡನ್ನೂ ನಿಮ್ಮ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆಯೇ ಇದನ್ನು ಬರೆಯಬೇಡಿ, ಬೇರೆ ಹೆಸರು ಕೊಡಿ. ಅದೇ ಸರ್ವರಿನಲ್ಲಿ ಕೂತಿರುವ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ.

ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ಕೊನೆಯ ಸಲ ಸರಿಯಿದ್ದದ್ದು ಯಾವಾಗ, ಅಲ್ಲಿಂದ ಇಲ್ಲಿಯವರೆಗೆ ಏನೇನು ಬದಲಾಯಿತು. ಗಾಬರಿಯಲ್ಲಿ ಐದು ಕಡೆ ಕೈಹಾಕಿದರೆ ಸೈಟ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಒಂದು ಬದಲಾವಣೆ, ಒಂದು ಪರೀಕ್ಷೆ. ಫಲ ಸಿಗದಿದ್ದರೆ ಅದನ್ನು ಹಿಂದಕ್ಕೆ ತೆಗೆದು ಮುಂದಿನದಕ್ಕೆ ಹೋಗಿ.

ಬರೀ ಬಿಳಿ ಪರದೆ, ಅಥವಾ ‘ಕ್ರಿಟಿಕಲ್ ಎರರ್’ ಎಂಬ ಒಂದೇ ಸಾಲು. ತಪ್ಪು ಎಲ್ಲಿದೆ ಎಂದು ಹೇಗೆ ಕಂಡುಹಿಡಿಯುವುದು?

2019ರಲ್ಲಿ ಬಂದ ವರ್ಡ್‌ಪ್ರೆಸ್ 5.2ರಿಂದ ಒಂದು ಅನುಕೂಲವಿದೆ. ಯಾವುದಾದರೂ ಪ್ಲಗಿನ್ ಅಥವಾ ಥೀಮ್ ಸೈಟನ್ನು ಬೀಳಿಸಿದರೆ ಅಡ್ಮಿನ್ ವಿಳಾಸಕ್ಕೆ ಇಮೇಲ್ ಬರುತ್ತದೆ. ಅದರಲ್ಲಿರುವ ಕೊಂಡಿಯನ್ನು ಒತ್ತಿದರೆ ಕೆಟ್ಟ ಪ್ಲಗಿನ್ ಬದಿಗಿಟ್ಟು ಡ್ಯಾಶ್‌ಬೋರ್ಡ್ ತೆರೆಯುತ್ತದೆ. ಆದರೆ ಹೋಸ್ಟಿಂಗ್ ಬದಲಾದ ದಿನಗಳಲ್ಲಿ ಸೈಟಿನ ಇಮೇಲ್ ಕೂಡ ಕೆಟ್ಟಿರುವುದೇ ಹೆಚ್ಚು, ಹಾಗಾಗಿ ಅದು ಬರಲೇ ಇಲ್ಲ ಎಂದರೆ ಆಶ್ಚರ್ಯವಿಲ್ಲ. ಸ್ಪಾಮ್ ಫೋಲ್ಡರನ್ನೂ ಒಮ್ಮೆ ನೋಡಿ.

ಬರದಿದ್ದರೆ ಡಬ್ಲ್ಯೂಪಿ-ಕಾನ್ಫಿಗ್ ಫೈಲನ್ನು ತೆರೆಯಿರಿ. ಡಬ್ಲ್ಯೂಪಿ-ಡೀಬಗ್ ಎಂಬುದನ್ನು ಟ್ರೂ ಮಾಡಿ, ಡೀಬಗ್-ಲಾಗ್ ಟ್ರೂ ಮಾಡಿ, ಡೀಬಗ್-ಡಿಸ್‌ಪ್ಲೇ ಮಾತ್ರ ಫಾಲ್ಸ್ ಇರಲಿ. ಇಲ್ಲದಿದ್ದರೆ ತಪ್ಪುಗಳೆಲ್ಲ ಓದುಗರ ಪರದೆಯ ಮೇಲೆ ಸುರಿಯುತ್ತವೆ. ಸೈಟನ್ನು ಒಮ್ಮೆ ರಿಫ್ರೆಶ್ ಮಾಡಿದರೆ ಡಬ್ಲ್ಯೂಪಿ-ಕಂಟೆಂಟ್ ಒಳಗೆ ಡೀಬಗ್ ಲಾಗ್ ಹುಟ್ಟುತ್ತದೆ.

ಲಾಗಿನಲ್ಲಿ ನೂರು ಸಾಲು ಇದ್ದರೂ ಹೆದರಬೇಡಿ. ‘ಡೆಪ್ರಿಕೇಟೆಡ್’, ‘ನೋಟಿಸ್’, ‘ವಾರ್ನಿಂಗ್’ ಎಂಬ ಸಾಲುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ‘ಫೇಟಲ್ ಎರರ್’ ಎಂದು ಶುರುವಾಗುವ ಸಾಲನ್ನು ಹುಡುಕಿ. ಅದರಲ್ಲಿ ಒಂದು ದೊಡ್ಡ ಫೈಲ್ ದಾರಿ ಇರುತ್ತದೆ. ಆ ದಾರಿಯಲ್ಲಿ ‘ಪ್ಲಗಿನ್ಸ್’ ಎಂಬ ಪದ ಬಂದರೆ, ಅದರ ಪಕ್ಕದ ಹೆಸರೇ ನಿಮಗೆ ಬೇಕಾದದ್ದು. ‘ಥೀಮ್ಸ್’ ಎಂದಿದ್ದರೆ ತಪ್ಪು ಥೀಮಿನದು. ಎಫ್‌ಟಿಪಿ (ಸರ್ವರಿನ ಫೈಲುಗಳನ್ನು ಮುಟ್ಟುವ ಸಾಧನ) ಅಥವಾ ಸಿಪ್ಯಾನೆಲ್ (ಹೋಸ್ಟಿಂಗ್‌ನವರ ನಿಯಂತ್ರಣ ಪುಟ) ಫೈಲ್ ಮ್ಯಾನೇಜರಿನಲ್ಲಿ ಆ ಒಂದು ಪ್ಲಗಿನ್ ಫೋಲ್ಡರಿನ ಹೆಸರಿನ ಕೊನೆಗೆ ‘-ಆಫ್’ ಎಂದು ಸೇರಿಸಿ. ವರ್ಡ್‌ಪ್ರೆಸ್ ಅದನ್ನು ಕಾಣದೆ ಸುಮ್ಮನೆ ಮುಂದೆ ಹೋಗುತ್ತದೆ, ಸೈಟ್ ತೆರೆಯುತ್ತದೆ. ಇಡೀ ಪ್ಲಗಿನ್ಸ್ ಫೋಲ್ಡರಿನ ಹೆಸರು ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಲಾಗ್ ಓದಲು ಆಗದಿದ್ದಾಗ ಮಾತ್ರ ಅದು ಕೊನೆಯ ದಾರಿ, ಏಕೆಂದರೆ ಆಮೇಲೆ ಒಂದೊಂದೇ ಪ್ಲಗಿನ್ನನ್ನು ಮತ್ತೆ ಚಾಲೂ ಮಾಡುತ್ತ ಕೂರಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಡೀಬಗ್ ಆಫ್ ಮಾಡಿ, ಲಾಗ್ ಫೈಲನ್ನು ಅಳಿಸಿ. ಅದರ ವಿಳಾಸ ಗೊತ್ತಿದ್ದವರು ಬ್ರೌಸರಿನಲ್ಲಿಯೇ ಅದನ್ನು ಓದಬಹುದು.

ಪಿಎಚ್‌ಪಿ 7ರಲ್ಲಿ ಚೆನ್ನಾಗಿಯೇ ಇತ್ತು. 8ಕ್ಕೆ ಹೋದ ತಕ್ಷಣ ಏಕೆ ಬಿತ್ತು?

7.4ಕ್ಕೆ ಭದ್ರತಾ ಬೆಂಬಲ 2022ರ ನವೆಂಬರಿನಲ್ಲಿ ಮುಗಿಯಿತು, ಹಾಗಾಗಿ ಹೋಸ್ಟಿಂಗ್‌ನವರು ಮುಂದಕ್ಕೆ ತಳ್ಳುವುದು ಸರಿಯೇ. ಆದರೆ ಹಿಂದಿನ ಆವೃತ್ತಿಗಳು ಗೊಣಗುತ್ತ ಸಹಿಸಿಕೊಳ್ಳುತ್ತಿದ್ದ ಎಷ್ಟೋ ಸಂಗತಿಗಳನ್ನು 8 ಸಹಿಸುವುದಿಲ್ಲ. ‘ಕ್ರಿಯೇಟ್-ಫಂಕ್ಷನ್’, ‘ಈಚ್’ ಎಂಬ ಫಂಕ್ಷನ್‌ಗಳನ್ನು 7.2ರಲ್ಲಿಯೇ ಬಳಸಬೇಡಿ ಎಂದು ಹೇಳಿ 8ರಲ್ಲಿ ತೆಗೆದೇ ಹಾಕಿದರು. ಖಾಲಿ ಇರುವುದನ್ನು ‘ಕೌಂಟ್’ ಮಾಡಿದರೆ ಮೊದಲು ಎಚ್ಚರಿಕೆಯಷ್ಟೇ ಬರುತ್ತಿತ್ತು, ಈಗ ಪುಟವೇ ನಿಲ್ಲುತ್ತದೆ. 2012–15ರ ಸುಮಾರಿಗೆ ಕೊಂಡ ಥೀಮುಗಳಲ್ಲಿ ಇವೆಲ್ಲ ಧಾರಾಳವಾಗಿವೆ.

ಪ್ಲಗಿನ್ನಿಗೆ ಅಪ್‌ಡೇಟ್ ಇದ್ದರೆ ಹಾಕಿ. ಅದರ ಪುಟದಲ್ಲಿ ಕೊನೆಯ ಅಪ್‌ಡೇಟ್ ಹಲವು ವರ್ಷಗಳ ಹಿಂದಿನದಾದರೆ ಅದನ್ನು ಮಾಡಿದವರು ಕೈಬಿಟ್ಟಿದ್ದಾರೆ ಎಂದರ್ಥ, ಬದಲಿಯನ್ನು ಹುಡುಕಿ. ಒಂದು ಸಾಲು ತಿದ್ದಿದರೆ ಸಾಕು ಅನ್ನಿಸಿದರೂ ಅನಾಥ ಪ್ಲಗಿನ್ನನ್ನು ಉಳಿಸಿಕೊಳ್ಳಬೇಡಿ. ಭದ್ರತೆಯ ಮುಂದಿನ ತೂತನ್ನು ಯಾರೂ ಮುಚ್ಚುವುದಿಲ್ಲ.

ಎಲ್ಲವನ್ನೂ ಹಳೆಯ ಆವೃತ್ತಿಗೇ ವಾಪಸ್ ಒಯ್ಯಬಹುದೇ?

ಪಿಎಚ್‌ಪಿಯನ್ನು ಒಯ್ಯಬಹುದು. ಸಿಪ್ಯಾನೆಲ್‌ನಲ್ಲಿ ಆವೃತ್ತಿ ಆರಿಸುವ ಜಾಗವಿದ್ದರೆ ಒಂದು ನಿಮಿಷದ ಕೆಲಸ. ಓದುಗರಿಗೆ ಸೈಟ್ ಕಾಣುತ್ತಿರಲಿ ಎಂದು ಒಂದೆರಡು ವಾರಕ್ಕೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಅಲ್ಲಿಯೇ ನೆಲೆಸಬೇಡಿ. ಡೇಟಾಬೇಸ್ ವಿಷಯ ಬೇರೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.7ರಿಂದ 8ಕ್ಕೆ ಏರಿದ ಡೇಟಾವನ್ನು ಇದ್ದಲ್ಲಿಯೇ 5.7ಕ್ಕೆ ಇಳಿಸಲು ಬರುವುದಿಲ್ಲ. ಏರುವ ಮುಂಚೆ ತೆಗೆದ ಡಂಪ್ (ಡೇಟಾಬೇಸನ್ನು ಪೂರ್ತಿ ಬರೆದಿಟ್ಟ ಫೈಲ್) ಒಂದೇ ನಂಬಬಹುದಾದ ಗತಿ.

‘ಶೆಡ್ಯೂಲ್ಡ್ ಮೇಂಟೆನೆನ್ಸ್’ ಎಂಬ ಸಂದೇಶ ಹೋಗುತ್ತಲೇ ಇಲ್ಲ.

ಅಪ್‌ಡೇಟ್ ನಡುವೆಯೇ ನಿಂತುಹೋಗಿದೆ. ಸೈಟಿನ ಮೂಲ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಮೇಂಟೆನೆನ್ಸ್’ ಫೈಲ್ ಇರುತ್ತದೆ. ಅದನ್ನು ಅಳಿಸಿ, ಅಪ್‌ಡೇಟನ್ನು ಮತ್ತೆ ಪೂರ್ತಿ ಮಾಡಿ. ಕಾಣದಿದ್ದರೆ ಫೈಲ್ ಮ್ಯಾನೇಜರಿನಲ್ಲಿ ಅಡಗಿಸಿದ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿ.

ಸರ್ವರ್ ಬದಲಿಸಿದ ಮೇಲೆ ಕನ್ನಡ ಅಕ್ಷರಗಳೆಲ್ಲ ಕೆಟ್ಟುಹೋಗಿವೆ. ಲೇಖನಗಳು ಹೋದವೇ?

ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಪ್ರಶ್ನೆ ಇದು. ಉತ್ತರವೆಲ್ಲ ಅಕ್ಷರ ಹೇಗೆ ಕೆಟ್ಟಿದೆ ಎಂಬುದರ ಮೇಲಿದೆ. ಪರದೆಗೆ ಹತ್ತಿರ ಹೋಗಿ ನೋಡಿ.

ಖಾಲಿ ಚೌಕಗಳು ಕಾಣುತ್ತಿದ್ದರೆ ಏನೂ ಆಗಿಲ್ಲ. ಬರಹ ಸರಿಯಾಗಿಯೇ ಇದೆ, ತೋರಿಸಲು ಫಾಂಟ್ ಇಲ್ಲ ಅಷ್ಟೆ. ಆ ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಕನ್ನಡವಾಗಿ ಕಾಣುತ್ತದೆ.

ತಲೆಯ ಮೇಲೆ ಸಣ್ಣ ಗೆರೆ ಹೊತ್ತ ರೋಮನ್ ‘ಎ’, ಅದರ ಪಕ್ಕದಲ್ಲಿ ಮೇಲಕ್ಕೆ ಚಿಕ್ಕದಾಗಿ ಕೂತ 2 ಅಥವಾ 3, ಆಮೇಲೆ ಯಾವುದೋ ಗುರುತು, ಮತ್ತೆ ಅದೇ ‘ಎ’. ಸಾಲುಸಾಲೂ ಹೀಗೆಯೇ ಕಂಡರೆ ನಿಟ್ಟುಸಿರು ಬಿಡಿ, ನಿಮ್ಮ ಬರಹ ಭದ್ರವಾಗಿದೆ. ಅಕ್ಷರಗಳನ್ನು ಅಂಕಿಗಳಾಗಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್, ಅಂದರೆ ಮೂರು ಅಂಕಿ. ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಆ ಮೂರು ಬೈಟನ್ನು ಮೂರು ಬೇರೆ ಬೇರೆ ರೋಮನ್ ಅಕ್ಷರ ಎಂದು ಸರ್ವರ್ ತಪ್ಪಾಗಿ ಓದುತ್ತಿದೆ. ಬೈಟುಗಳು ಅಲ್ಲಿಯೇ ಇವೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಜಾಗ್ರತೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಬ್ರೌಸರಿನಲ್ಲಿಯೇ ಡೇಟಾಬೇಸ್ ನೋಡುವ ಸಾಧನ) ಡೇಟಾಬೇಸ್ ತೆರೆದು ಪೋಸ್ಟ್ಸ್ ಟೇಬಲಿನಲ್ಲಿ ಒಂದು ಲೇಖನ ನೋಡಿ. ಅಲ್ಲಿ ಕನ್ನಡ ಕಂಡರೆ ತೊಂದರೆ ಸಂಪರ್ಕದ ಸೆಟ್ಟಿಂಗಿನದು. ಅಲ್ಲಿಯೂ ಪ್ರಶ್ನಾರ್ಥಕಗಳೇ ಇದ್ದರೆ ಆಮದು ಮಾಡುವಾಗಲೇ ಅಕ್ಷರಗಳು ನಾಶವಾಗಿವೆ. ಯಾವ ಪರಿವರ್ತಕವೂ ಅವನ್ನು ಮರಳಿ ತರಲಾರದು. ಹಳೆಯ ಸರ್ವರಿಗೆ ಹೋಗಿ ಹೊಸದಾಗಿ ಡಂಪ್ ತೆಗೆಯಬೇಕು. ಹಳೆ ಖಾತೆಯನ್ನು ಬೇಗ ಮುಚ್ಚಬೇಡಿ ಎಂದು ಪಟ್ಟುಹಿಡಿದು ಹೇಳುವುದು ಇದಕ್ಕೇ.

ಆ ಗೆರೆ ಹೊತ್ತ ‘ಎ’ಗಳನ್ನು ಕನ್ನಡಕ್ಕೆ ತರುವುದು ಹೇಗೆ?

ಹೀಗಾಗಲು ಕಾರಣ ಹಳೆಯದು. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ ಟೇಬಲುಗಳು ತಾವಾಗಿಯೇ ಲ್ಯಾಟಿನ್-1 (ರೋಮನ್ ಅಕ್ಷರಗಳ ಹಳೆಯ ಪದ್ಧತಿ) ಎಂದು ಹುಟ್ಟುತ್ತಿದ್ದವು. ಹಳೆಯ ವರ್ಡ್‌ಪ್ರೆಸ್ ಸೈಟುಗಳು ಅದರೊಳಗೇ ಕನ್ನಡದ ಬೈಟುಗಳನ್ನು ತುಂಬಿದವು. ಹಾಕುವಾಗಲೂ ತೆಗೆಯುವಾಗಲೂ ಒಂದೇ ತಪ್ಪು ನಡೆಯುತ್ತಿದ್ದರಿಂದ ಓದುಗರಿಗೆ ಗೊತ್ತಾಗಲಿಲ್ಲ. ಹೊಸ ಸರ್ವರ್ ಯುಟಿಎಫ್-8ಎಂಬಿ4ರಲ್ಲಿ (ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್-8ರ ಪೂರ್ಣ ರೂಪ) ಮಾತಾಡಲು ಹೊರಟಾಗ ಹಳೆಯ ಸುಳ್ಳು ಬಯಲಾಗುತ್ತದೆ.

ಮೊದಲ ಕೆಲಸ, ಹೊಸ ಲೇಖನ ಹಾಕುವುದನ್ನು ಎಲ್ಲರೂ ನಿಲ್ಲಿಸಿ. ಕೆಟ್ಟ ಹಳೆಯ ಬರಹ, ಸರಿಯಾದ ಹೊಸ ಬರಹ ಒಂದೇ ಟೇಬಲಿನಲ್ಲಿ ಬೆರೆತರೆ ಒಂದನ್ನು ಸರಿಮಾಡುವ ಕ್ರಮ ಇನ್ನೊಂದನ್ನು ಹಾಳುಮಾಡುತ್ತದೆ.

ಹಳೆಯ ಸರ್ವರ್ ಇನ್ನೂ ಇದ್ದರೆ ಡಂಪನ್ನು ಅಲ್ಲಿಂದಲೇ ಮತ್ತೆ ತೆಗೆಯುವುದು ಸ್ವಚ್ಛವಾದ ದಾರಿ. ಮೈಎಸ್‌ಕ್ಯೂಎಲ್‌ಡಂಪ್ ಆಜ್ಞೆಗೆ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್-1 ಎಂದು ಹೇಳಿ, ಜೊತೆಗೆ ಸ್ಕಿಪ್-ಸೆಟ್-ಚಾರ್‌ಸೆಟ್ ಆಯ್ಕೆ ಕೊಡಿ. ಆಗ ಬೈಟುಗಳು ಪರಿವರ್ತನೆಯಾಗದೆ ಇದ್ದ ಹಾಗೆಯೇ ಹೊರಬರುತ್ತವೆ. ಆ ಫೈಲನ್ನು ಒಳ್ಳೆಯ ಟೆಕ್ಸ್ಟ್ ಎಡಿಟರಿನಲ್ಲಿ ಯುಟಿಎಫ್-8 ಆಗಿ ತೆರೆದರೆ ಕನ್ನಡ ಕನ್ನಡವಾಗಿಯೇ ಕಾಣಬೇಕು. ಕಂಡರೆ ಅರ್ಧ ಕೆಲಸ ಮುಗಿಯಿತು. ಟೇಬಲ್ ವಿವರಣೆಗಳಲ್ಲಿ ಮಾತ್ರ ಲ್ಯಾಟಿನ್-1 ಎಂಬುದನ್ನು ಯುಟಿಎಫ್-8ಎಂಬಿ4 ಎಂದು ಬದಲಿಸಿ, ಹೊಸ ಸರ್ವರಿಗೆ ಆಮದು ಮಾಡುವಾಗಲೂ ಯುಟಿಎಫ್-8ಎಂಬಿ4 ಎಂದೇ ಹೇಳಿ. ಡಂಪ್ ಫೈಲನ್ನು ವರ್ಡ್ ಅಥವಾ ಎಕ್ಸೆಲ್‌ನಲ್ಲಿ ಎಂದಿಗೂ ತೆರೆದು ಸೇವ್ ಮಾಡಬೇಡಿ.

ಈಗಾಗಲೇ ಬರಹಗಳು ಬೆರೆತಿದ್ದರೆ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಮೂಲಕ ಹಳೆಯ ಸಾಲುಗಳನ್ನಷ್ಟೇ ಆರಿಸಿ ತಿದ್ದಬೇಕು. ಸರ್ವರ್ ಬದಲಾದ ದಿನಾಂಕಕ್ಕಿಂತ ಹಿಂದಿನವನ್ನು ಲ್ಯಾಟಿನ್-1ಕ್ಕೆ, ಅಲ್ಲಿಂದ ಬೈನರಿಗೆ, ಅಲ್ಲಿಂದ ಯುಟಿಎಫ್-8ಎಂಬಿ4ಗೆ ಪರಿವರ್ತಿಸುವುದು. ಮೊದಲು ಒಂದೇ ಒಂದು ಲೇಖನದ ಮೇಲೆ ‘ಸೆಲೆಕ್ಟ್’ ನಡೆಸಿ ಫಲಿತಾಂಶ ಓದಿ, ಆಮೇಲಷ್ಟೇ ‘ಅಪ್‌ಡೇಟ್’. ಶೀರ್ಷಿಕೆ, ಲೇಖನದ ಒಡಲು, ಕಾಮೆಂಟು, ವರ್ಗಗಳ ಹೆಸರು, ಸೈಟಿನ ಹೆಸರು ಇವೆಲ್ಲ ಬೇರೆ ಬೇರೆ ಕಡೆ ಇವೆ ಎಂಬುದು ನೆನಪಿರಲಿ.

ಆಮದು ಮಾಡುವಾಗ ‘ಅನ್‌ನೋನ್ ಕೊಲೇಶನ್’ ಎಂದು ನಿಲ್ಲುತ್ತಿದೆ.

ಆ ಹೆಸರಿನ ನಡುವೆ 0900 ಎಂಬ ಅಂಕಿ ಇದೆಯೇ ನೋಡಿ. ಅದು ಮೈಎಸ್‌ಕ್ಯೂಎಲ್ 8ರ ಸ್ವಂತ ಕೊಲೇಶನ್, ಅಂದರೆ ಅಕ್ಷರಗಳನ್ನು ಹೋಲಿಸಿ ವಿಂಗಡಿಸುವ ನಿಯಮ. ಹಳೆಯ ಮರಿಯಾಡಿಬಿ, ಹಳೆಯ ಮೈಎಸ್‌ಕ್ಯೂಎಲ್ ಎರಡಕ್ಕೂ ಗೊತ್ತಿಲ್ಲ. ಡಂಪಿನಲ್ಲಿ ಅದನ್ನೆಲ್ಲ ಯುಟಿಎಫ್-8ಎಂಬಿ4-ಯೂನಿಕೋಡ್-ಸಿಐ ಎಂದು ಬದಲಿಸಿ ಆಮದು ಮಾಡಿ. ಬರಹಕ್ಕೆ ಏನೂ ಆಗುವುದಿಲ್ಲ.

ಲೇಖನ ಸರಿಯಿದೆ. ಆದರೆ ಮುಖಪುಟದ ಸಾರಾಂಶಗಳ ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಬರುತ್ತಿದೆ.

ಹೊಸ ಥೀಮ್ ಬರಹವನ್ನು ಅಕ್ಷರ ಎಣಿಸಿ ಕತ್ತರಿಸುವ ಬದಲು ಬೈಟ್ ಎಣಿಸಿ ಕತ್ತರಿಸುತ್ತಿದೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ಕನ್ನಡದಲ್ಲಿ ಮೂರು ಬೈಟಿನ ನಡುವೆ ಕತ್ತರಿ ಬಿದ್ದರೆ ಮುರಿದ ತುಂಡು ಹಾಗೆ ಕಾಣುತ್ತದೆ. ಥೀಮಿನಲ್ಲಿ ‘ಸಬ್‌ಸ್ಟ್ರ್’ ಬಳಸಿದ ಕಡೆ ‘ಎಂಬಿ-ಸಬ್‌ಸ್ಟ್ರ್’ ಹಾಕಬೇಕು. ಅದಕ್ಕಿಂತ ಒಳ್ಳೆಯದು ಪದ ಎಣಿಸಿ ಕತ್ತರಿಸುವುದು. ಎಂಬಿ-ಸಬ್‌ಸ್ಟ್ರ್ ಕೂಡ ‘ಕ್ಷ’ದ ನಡುವೆ ಕತ್ತರಿಸಿ ಅರ್ಧಾಕ್ಷರ ಬಿಡಬಲ್ಲದು. ತಿದ್ದುವುದಾದರೆ ಚೈಲ್ಡ್ ಥೀಮಿನಲ್ಲಿ (ಮೂಲ ಥೀಮಿನ ಮೇಲೆ ನಿಮ್ಮ ಬದಲಾವಣೆಗಳನ್ನಷ್ಟೇ ಇಡುವ ಥೀಮ್) ತಿದ್ದಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಶೀರ್ಷಿಕೆಗಳಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಾಣುತ್ತಿದೆ.

ಥೀಮ್ ರಚಿಸಿದವರು ರೋಮನ್ ಅಕ್ಷರಗಳಿಗೆ ಸಾಲಿನ ಎತ್ತರ ಇಟ್ಟಿದ್ದಾರೆ, 1.1 ಅಥವಾ 1.2. ‘ರಾಷ್ಟ್ರ’ದಂಥ ಪದಕ್ಕೆ ಅದು ಸಾಲದು. ಕಸ್ಟಮೈಸರಿನ ಹೆಚ್ಚುವರಿ ಸಿಎಸ್‌ಎಸ್‌ನಲ್ಲಿ ಶೀರ್ಷಿಕೆಗಳ ಲೈನ್-ಹೈಟ್ ಅನ್ನು 1.5ಕ್ಕೆ ಏರಿಸಿ, ಲೆಟರ್-ಸ್ಪೇಸಿಂಗ್ ಇದ್ದರೆ ಸೊನ್ನೆ ಮಾಡಿ. ಥೀಮಿನ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಫಾಂಟ್ ಕಾಣುತ್ತದೆ. ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ನೀವೇ ಜೋಡಿಸುವುದು ಒಳ್ಳೆಯದು.

ಬಹಳ ಹಳೆಯ ಪುಟಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಮುಂಚೆ ಕನ್ನಡವೇ ಕಾಣುತ್ತಿತ್ತು.

ಅವು ಯೂನಿಕೋಡಿಗೆ ಮುಂಚಿನ ಬರಹಗಳು, ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುವ ಫಾಂಟ್) ಟೈಪ್ ಮಾಡಿದವು. ಹಳೆಯ ಥೀಮ್ ಆ ಫಾಂಟನ್ನು ಜೊತೆಗೇ ಕಳಿಸುತ್ತಿತ್ತು, ಹೊಸದು ಕಳಿಸುತ್ತಿಲ್ಲ. ಫಾಂಟನ್ನು ಮತ್ತೆ ಜೋಡಿಸಿದರೆ ಕಣ್ಣಿಗೆ ಸರಿಕಾಣುತ್ತದೆ, ಆದರೆ ಗೂಗಲ್ ಹುಡುಕಾಟದಲ್ಲಿ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು: ಅರ್ಕಾವತ್ತು, ಅಂಕಿಗಳು, ನಡುವೆ ಬಂದ ಇಂಗ್ಲಿಷ್ ಪದಗಳು ಹೆಚ್ಚಾಗಿ ತಪ್ಪುತ್ತವೆ. ಈ ಕೆಲಸಕ್ಕೆ ಸಮಯ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. 2000ದ ಆಸುಪಾಸಿನ ಕನ್ನಡ ಬರಹ ಎಷ್ಟೋ ಈ ರೂಪದಲ್ಲಿ ಮಾತ್ರ ಉಳಿದಿದೆ.

ಮುಖಪುಟ ತೆರೆಯುತ್ತದೆ, ಲೇಖನ ಒತ್ತಿದರೆ 404.

ಸೆಟ್ಟಿಂಗ್ಸ್‌ನಲ್ಲಿ ಪರ್ಮಲಿಂಕ್ಸ್ ಪುಟಕ್ಕೆ ಹೋಗಿ, ಏನನ್ನೂ ಬದಲಿಸದೆ ಸೇವ್ ಒತ್ತಿ. ಬಹಳ ಸಲ ಅಷ್ಟೇ ಸಾಕು. ಆಗದಿದ್ದರೆ ಹೊಸ ಸರ್ವರಿನಲ್ಲಿ ಪುಟಗಳನ್ನು ಕಳಿಸುವ ತಂತ್ರಾಂಶ ಅಪಾಚೆಯೋ ಎಂಜಿನ್‌ಎಕ್ಸೋ ಕೇಳಿಕೊಳ್ಳಿ. ಅಪಾಚೆ ಓದುವ ಚುಕ್ಕಿ-ಎಚ್‌ಟಿಆಕ್ಸೆಸ್ ಫೈಲನ್ನು ಎಂಜಿನ್‌ಎಕ್ಸ್ ತಿರುಗಿಯೂ ನೋಡುವುದಿಲ್ಲ. ಸಿಗದ ವಿಳಾಸಗಳನ್ನೆಲ್ಲ ಇಂಡೆಕ್ಸ್ ಪಿಎಚ್‌ಪಿಗೆ ಕಳಿಸುವ ಸಾಲನ್ನು ಅದರ ಕಾನ್ಫಿಗರೇಶನ್ನಿನಲ್ಲಿ ಬರೆಯಬೇಕು.

ಕನ್ನಡದಲ್ಲಿಯೇ ವಿಳಾಸ ಇಟ್ಟವರಿಗೆ ಒಂದು ಮಾತು. ವರ್ಡ್‌ಪ್ರೆಸ್ ವಿಳಾಸದ ತುಣುಕಿಗೆ 200 ಅಕ್ಷರದ ಜಾಗವಿದೆ. ಒಂದು ಕನ್ನಡ ಚಿಹ್ನೆ ಶೇಕಡಾ ಗುರುತುಗಳ ರೂಪಕ್ಕೆ ಹೋದಾಗ 9 ಅಕ್ಷರ ತಿನ್ನುತ್ತದೆ, ಅಂದರೆ 22 ಚಿಹ್ನೆಗೆ ಮಿತಿ ಮುಗಿಯಿತು. ‘ಕ್ಷೆ’ ಒಂದರಲ್ಲಿಯೇ ನಾಲ್ಕು ಚಿಹ್ನೆಗಳಿವೆ. ಉದ್ದ ಶೀರ್ಷಿಕೆಗಳ ವಿಳಾಸ ನಡುವೆ ಕತ್ತರಿಸಿದ್ದರೆ ಅದು ಅಪ್‌ಗ್ರೇಡಿನ ತಪ್ಪಲ್ಲ, ಮೊದಲಿನಿಂದಲೂ ಹಾಗೆಯೇ ಇತ್ತು. ಈಗ ಉದ್ದ ಮಾಡಲು ಹೋಗಿ ಹಳೆಯ ಕೊಂಡಿಗಳನ್ನು ಮುರಿಯಬೇಡಿ.

ಕೆಲವು ಫೋಟೊಗಳು ಮಾತ್ರ ಕಾಣುತ್ತಿಲ್ಲ. ಫೈಲ್ ಅಲ್ಲಿಯೇ ಇದೆ!

ಆ ಫೈಲುಗಳ ಹೆಸರು ಕನ್ನಡದಲ್ಲಿದೆಯೇ? ಹಾಗಿದ್ದರೆ ಎರಡು ಸಾಧ್ಯತೆ. ವಿಂಡೋಸ್‌ನಲ್ಲಿ ಜಿಪ್ ಬಿಚ್ಚುವಾಗ ಹೆಸರು ಕಲಸಿಹೋಗಿರಬಹುದು. ಅದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಕಾಣದ್ದು. ‘ಕೊ’ ಎಂಬುದರ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಹೆಸರನ್ನು ಬಿಡಿಸಿ ಇಡುತ್ತಿತ್ತು. ಆ ಯಂತ್ರದ ಮೂಲಕ ಫೈಲುಗಳನ್ನು ಸಾಗಿಸಿದ್ದರೆ ಡೇಟಾಬೇಸಿನಲ್ಲಿ ಕೂಡಿಸಿದ ಹೆಸರು, ಲಿನಕ್ಸ್ ಸರ್ವರಿನಲ್ಲಿ ಬಿಡಿಸಿದ ಹೆಸರು. ಲಿನಕ್ಸಿಗೆ ಅವೆರಡೂ ಬೇರೆ ಬೇರೆ ಫೈಲುಗಳು. ಕನ್ವ್‌ಎಂವಿ ಎಂಬ ಸಣ್ಣ ಲಿನಕ್ಸ್ ಸಾಧನ ಇವನ್ನು ಒಟ್ಟಿಗೆ ಸರಿಮಾಡುತ್ತದೆ. ಮುಂದೆ ಫೋಟೊ ಏರಿಸುವಾಗ ಫೈಲ್ ಹೆಸರು ರೋಮನ್‌ನಲ್ಲಿಯೇ ಇರಲಿ, ಕನ್ನಡ ವಿವರಣೆಯನ್ನು ಆಲ್ಟ್ ಟೆಕ್ಸ್ಟ್‌ನಲ್ಲಿ ಬರೆಯಿರಿ.

ಹೊಸ ಫೋಟೊ ಏರುತ್ತಿಲ್ಲ.

‘ಫೋಲ್ಡರ್ ರಚಿಸಲಾಗಲಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಫೈಲುಗಳ ಒಡೆತನ ತಪ್ಪಿದೆ. ನೀವು ರೂಟ್ (ಸರ್ವರಿನ ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಕಾಪಿ ಮಾಡಿದಿರಿ, ವೆಬ್ ಸರ್ವರ್ ಬೇರೆ ಹೆಸರಿನಲ್ಲಿ ಓಡುತ್ತಿದೆ. ಒಡೆತನ ಬದಲಿಸಿ, ಅನುಮತಿಯ ಅಂಕಿ ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಇರಲಿ. 777 ಕೊಟ್ಟರೆ ಕೆಲಸ ಆಗುತ್ತದೆ ಎಂದು ಯಾರು ಹೇಳಿದರೂ ಕೊಡಬೇಡಿ. ಅದೇ ಸರ್ವರಿನ ಬೇರೆಯವರಿಗೂ ನಿಮ್ಮ ಮನೆಯೊಳಗೆ ಬರೆಯುವ ಹಕ್ಕು ಕೊಟ್ಟಂತಾಗುತ್ತದೆ. ಚಿಕ್ಕ ಫೋಟೊ ಏರಿ ದೊಡ್ಡದು ಏರದಿದ್ದರೆ ಮಿತಿಯ ತೊಂದರೆ: ಪಿಎಚ್‌ಪಿ ತಾನಾಗಿ ಒಪ್ಪುವುದು 2 ಎಂಬಿ ಫೈಲ್ ಮಾತ್ರ, ಎಂಜಿನ್‌ಎಕ್ಸ್ 1 ಎಂಬಿ. ಎರಡು ಕಡೆಯೂ ಏರಿಸಬೇಕು.

‘ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್’ ಬರುತ್ತಿದೆ.

ಸಾಗಿಸಿದ ಕೂಡಲೇ ಬಂದರೆ ಡಬ್ಲ್ಯೂಪಿ-ಕಾನ್ಫಿಗ್‌ನ ನಾಲ್ಕು ಸಾಲು ನೋಡಿ: ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್, ಹೋಸ್ಟ್. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಹೆಸರುಗಳ ಮುಂದೆ ಖಾತೆಯ ಹೆಸರು ಅಂಟಿಕೊಂಡಿರುತ್ತದೆ, ಹೊಸ ಖಾತೆಯಲ್ಲಿ ಅದು ಬೇರೆ. ಹೋಸ್ಟ್ ಎಲ್ಲ ಕಡೆಯೂ ‘ಲೋಕಲ್‌ಹೋಸ್ಟ್’ ಆಗಿರುವುದಿಲ್ಲ.

ಕೆಲವು ಗಂಟೆ ಸರಿಯಿದ್ದು ಆಗಾಗ ಬರುತ್ತಿದ್ದರೆ ಅದು ಮೆಮೊರಿಯ ಕಥೆ. 1 ಜಿಬಿಯ ವಿಪಿಎಸ್‌ನಲ್ಲಿ (ಬಾಡಿಗೆಯ ಪುಟ್ಟ ಸರ್ವರ್) ಪಿಎಚ್‌ಪಿ, ಡೇಟಾಬೇಸ್ ಎರಡೂ ಕೂತಾಗ ಮೆಮೊರಿ ಸಾಲದೆ ಲಿನಕ್ಸ್ ಡೇಟಾಬೇಸನ್ನೇ ಕೊಂದುಹಾಕುತ್ತದೆ. ಸಿಸ್ಟಂ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಸಾಕ್ಷಿ. ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕಿನ ಜಾಗ) ಸೇರಿಸಿ, ಪಿಎಚ್‌ಪಿ ಎಷ್ಟು ಪ್ರಕ್ರಿಯೆ ಎಬ್ಬಿಸಬಹುದು ಎಂಬ ಮಿತಿಯನ್ನು ಇಳಿಸಿ.

ಎಚ್‌ಟಿಟಿಪಿಎಸ್‌ಗೆ ಹೋದ ಮೇಲೆ ‘ಟೂ ಮೆನಿ ರೀಡೈರೆಕ್ಟ್ಸ್’.

ಓದುಗರ ಮತ್ತು ಸರ್ವರಿನ ನಡುವೆ ಕೂರುವ ಕ್ಲೌಡ್‌ಫ್ಲೇರ್ ಸೇವೆ ಬಳಸುತ್ತಿದ್ದರೆ ಅದರ ಎಸ್‌ಎಸ್‌ಎಲ್ ಆಯ್ಕೆ ‘ಫ್ಲೆಕ್ಸಿಬಲ್’ ಇರಬಹುದು. ಆಗ ಕ್ಲೌಡ್‌ಫ್ಲೇರ್ ನಿಮ್ಮ ಸರ್ವರಿಗೆ ಎಚ್‌ಟಿಟಿಪಿಯಲ್ಲಿ ಬರುತ್ತದೆ, ಸರ್ವರ್ ಎಚ್‌ಟಿಟಿಪಿಎಸ್‌ಗೆ ಹೋಗು ಎಂದು ಅಟ್ಟುತ್ತದೆ, ಅದು ಮತ್ತೆ ಎಚ್‌ಟಿಟಿಪಿಯಲ್ಲಿಯೇ ಬರುತ್ತದೆ. ಸರ್ವರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಹಾಕಿ ಆಯ್ಕೆಯನ್ನು ‘ಫುಲ್ ಸ್ಟ್ರಿಕ್ಟ್’ ಮಾಡಿ.

ಸೈಟಿನ ವಿಳಾಸ ಬದಲಿಸಿದ ಮೇಲೆ ಪಕ್ಕದ ಪಟ್ಟಿಯ ವಿಜೆಟ್‌ಗಳೆಲ್ಲ ಮಾಯ.

ಡಂಪ್ ಫೈಲಿನಲ್ಲಿ ನೇರವಾಗಿ ಫೈಂಡ್-ರಿಪ್ಲೇಸ್ ಮಾಡಿದ್ದೀರಿ. ವಿಜೆಟ್, ಥೀಮ್ ಆಯ್ಕೆಗಳನ್ನು ವರ್ಡ್‌ಪ್ರೆಸ್ ಸೀರಿಯಲೈಸ್ ಮಾಡಿ ಇಡುತ್ತದೆ. ಪ್ರತಿ ತುಣುಕಿನ ಮುಂದೆ ಅದರಲ್ಲಿ ಎಷ್ಟು ಬೈಟ್ ಎಂದು ಬರೆದಿರುತ್ತದೆ. ಎಚ್‌ಟಿಟಿಪಿ ಎಂಬುದಕ್ಕೆ ಒಂದು ‘ಎಸ್’ ಸೇರಿದರೂ ಲೆಕ್ಕ ತಪ್ಪಿ ಇಡೀ ತುಣುಕನ್ನು ಓದಲಾಗುವುದಿಲ್ಲ. ಮೂಲ ಡಂಪಿನಿಂದ ಮತ್ತೆ ಶುರುಮಾಡಿ, ಡಬ್ಲ್ಯೂಪಿ-ಸಿಎಲ್‌ಐ ಎಂಬ, ಆಜ್ಞೆ ಟೈಪ್ ಮಾಡಿ ನಡೆಸುವ ಸಾಧನದ ಸರ್ಚ್-ರಿಪ್ಲೇಸ್ ಬಳಸಿ. ಅದು ಎಣಿಕೆಯನ್ನೂ ತಿದ್ದುತ್ತದೆ. ಮೊದಲು ಡ್ರೈ-ರನ್ (ನಿಜವಾಗಿ ಏನನ್ನೂ ಬದಲಿಸದ ಪರೀಕ್ಷೆ) ಮಾಡಿ ಎಷ್ಟು ಕಡೆ ಬದಲಾಗುತ್ತದೆ ನೋಡಿಕೊಳ್ಳಿ.

ಬೆಳಿಗ್ಗೆ 6ಕ್ಕೆ ಪ್ರಕಟವಾಗಬೇಕಾದ ಲೇಖನ ಪ್ರಕಟವಾಗುತ್ತಿಲ್ಲ.

ಹಳೆಯ ಸರ್ವರಿನಲ್ಲಿ ಯಾರೋ ಜಾಣರು ಡಬ್ಲ್ಯೂಪಿ-ಕ್ರಾನ್ (ನಿಗದಿತ ಹೊತ್ತಿನ ಕೆಲಸಗಳನ್ನು ನಡೆಸುವ ವರ್ಡ್‌ಪ್ರೆಸ್ ವ್ಯವಸ್ಥೆ) ಅನ್ನು ಕಾನ್ಫಿಗ್‌ನಲ್ಲಿ ನಿಲ್ಲಿಸಿ ಸಿಪ್ಯಾನೆಲ್‌ನಲ್ಲಿ ನಿಜವಾದ ಕ್ರಾನ್ ಜಾಬ್ ಇಟ್ಟಿದ್ದರು. ಕಾನ್ಫಿಗ್ ಫೈಲ್ ಹೊಸ ಸರ್ವರಿಗೆ ಬಂತು, ಕ್ರಾನ್ ಜಾಬ್ ಬರಲಿಲ್ಲ. ಹೊಸದಾಗಿ ಹಾಕಿ. ಹೊಸ ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಸಮಯ) ಓಡುತ್ತಿದ್ದರೆ ಅಲ್ಲಿಯ 6 ಗಂಟೆ ನಮಗೆ 11.30 ಎಂಬುದನ್ನೂ ಗಮನಿಸಿ.

ಸೈಟಿನಿಂದ ಇಮೇಲ್ ಹೋಗುತ್ತಿಲ್ಲ. ನಮಗೆ ಬರುವ ಇಮೇಲೂ ನಿಂತಿದೆ.

ಎರಡು ಬೇರೆ ತೊಂದರೆಗಳು. ಬರುವುದು ನಿಂತಿದ್ದರೆ ಅದು ತುರ್ತು, ಮೊದಲು ಅದನ್ನು ನೋಡಿ. ನೇಮ್‌ಸರ್ವರ್ (ಸೈಟಿನ ಹೆಸರಿನ ದಾಖಲೆಗಳನ್ನು ಇಡುವ ಜಾಗ) ಬದಲಿಸುವಾಗ ಇಮೇಲ್ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನು ಹೊಸ ಕಡೆ ನಕಲು ಮಾಡಿಲ್ಲ. ಹಳೆಯ ಡಿಎನ್‌ಎಸ್ (ಸೈಟಿನ ಹೆಸರನ್ನು ಸರ್ವರಿಗೆ ಜೋಡಿಸುವ ವ್ಯವಸ್ಥೆ) ಪುಟ ತೆರೆದು ಒಂದೊಂದೇ ಸಾಲು ಹೊಂದಿಸಿ. ಹೋಗುವುದು ನಿಂತಿದ್ದರೆ ಹೊಸ ಸರ್ವರಿನ ವಿಳಾಸ ನಿಮ್ಮ ಎಸ್‌ಪಿಎಫ್ ದಾಖಲೆಯಲ್ಲಿಲ್ಲ (ನಿಮ್ಮ ಹೆಸರಿನಲ್ಲಿ ಇಮೇಲ್ ಕಳಿಸಲು ಯಾರಿಗೆ ಅನುಮತಿ ಎಂಬ ಪಟ್ಟಿ), ಇಮೇಲ್ ನಿಮ್ಮದೇ ಎಂದು ಸಾಬೀತುಮಾಡುವ ಡಿಕೆಐಎಂ ಸಹಿ ಇಲ್ಲ. ಎಸ್‌ಎಂಟಿಪಿ ಪ್ಲಗಿನ್ ಹಾಕಿ ನಿಜವಾದ ಅಂಚೆಪೆಟ್ಟಿಗೆಯ ಮೂಲಕ ಕಳಿಸುವುದೇ ಗಟ್ಟಿಯಾದ ದಾರಿ.

ನನಗೆ ಹಳೆಯ ಸೈಟ್ ಕಾಣುತ್ತಿದೆ, ಅಮೆರಿಕದಲ್ಲಿರುವ ಸಂಪಾದಕರಿಗೆ ಹೊಸದು.

ಡಿಎನ್‌ಎಸ್ ಇನ್ನೂ ಹರಡುತ್ತಿದೆ. ಮುಂದಿನ ಸಲ ಸಾಗಿಸುವ ಹಿಂದಿನ ದಿನವೇ ಟಿಟಿಎಲ್ (ಡಿಎನ್‌ಎಸ್ ದಾಖಲೆಯನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಡಿ. ಈ ಅವಧಿಯಲ್ಲಿ ಇಬ್ಬರೂ ಬರೆಯುತ್ತಿದ್ದರೆ ಅರ್ಧ ಲೇಖನ ಹಳೆಯ ಡೇಟಾಬೇಸಿಗೆ ಬೀಳುತ್ತದೆ, ಆದ್ದರಿಂದ ಹಳೆಯ ಕಡೆ ಬರೆಯುವುದನ್ನು ಮುಚ್ಚಿ. ಎರಡು ದಿನವಾದರೂ ಹೀಗೆಯೇ ಇದ್ದರೆ ಕ್ಯಾಶ್ ಪ್ಲಗಿನ್ ನೋಡಿ. ಡಬ್ಲ್ಯೂಪಿ-ಕಂಟೆಂಟ್‌ನಲ್ಲಿ ‘ಅಡ್ವಾನ್ಸ್ಡ್-ಕ್ಯಾಶ್’, ‘ಆಬ್ಜೆಕ್ಟ್-ಕ್ಯಾಶ್’ ಎಂಬ ಫೈಲುಗಳು ಹಳೆಯ ಹೋಸ್ಟಿಂಗ್‌ನಿಂದ ಅಂಟಿಕೊಂಡು ಬಂದಿರುತ್ತವೆ. ಹೆಸರು ಬದಲಿಸಿ ನೋಡಿ.

ವರ್ಡ್‌ಪ್ರೆಸ್ ಸರಿಯಿದೆ. ನಾವೇ ಬರೆಸಿದ್ದ ಫಲಿತಾಂಶದ ಪುಟ ಕೆಲಸ ಮಾಡುತ್ತಿಲ್ಲ.

ಶಾಲೆ, ಸಂಘಗಳ ಸೈಟುಗಳಲ್ಲಿ ಇದು ಸಾಮಾನ್ಯ. ಕೋಡಿನಲ್ಲಿ ‘ಮೈಎಸ್‌ಕ್ಯೂಎಲ್-ಕನೆಕ್ಟ್’ ಇದ್ದರೆ ಅದು ಪಿಎಚ್‌ಪಿ 7ರಲ್ಲಿಯೇ ಹೋಯಿತು, ಅದರ ಬದಲಿಗಳಾದ ಮೈಎಸ್‌ಕ್ಯೂಎಲ್‌ಐ ಅಥವಾ ಪಿಡಿಒಗೆ ತಿದ್ದಿ ಬರೆಸಬೇಕು. ಡೇಟಾಬೇಸ್ ಮೈಎಸ್‌ಕ್ಯೂಎಲ್ 8 ಆಗಿದ್ದರೆ ಅಂಕಣದ ಹೆಸರನ್ನೂ ನೋಡಿ. ‘ರ‍್ಯಾಂಕ್’, ‘ಗ್ರೂಪ್ಸ್’ ಈಗ ಅದರ ಮೀಸಲು ಪದಗಳು. ಫಲಿತಾಂಶದ ಟೇಬಲಿನಲ್ಲಿ ‘ರ‍್ಯಾಂಕ್’ ಇಲ್ಲದಿರುವುದೇ ಅಪರೂಪ! ಕ್ವೆರಿಗಳಲ್ಲಿ ಆ ಹೆಸರನ್ನು ಬ್ಯಾಕ್‌ಟಿಕ್ (`) ಚಿಹ್ನೆಗಳ ನಡುವೆ ಇಟ್ಟರೆ ಸಾಕು.

ಮುಂದಿನ ಅಪ್‌ಗ್ರೇಡಿಗೆ ಮೊದಲೇ ಪರೀಕ್ಷಿಸುವುದು ಹೇಗೆ?

ಸಬ್‌ಡೊಮೇನ್ ಒಂದರಲ್ಲಿ ಸೈಟಿನ ನಕಲು ಇಡಿ, ಪಾಸ್‌ವರ್ಡ್ ಹಾಕಿ, ಸರ್ಚ್ ಎಂಜಿನ್‌ಗಳಿಗೆ ಮುಚ್ಚಿ. ಮೊದಲು ಅಲ್ಲಿ ಪಿಎಚ್‌ಪಿ ಬದಲಿಸಿ. ಬರೀ ಮುಖಪುಟ ನೋಡಿ ಮುಗಿಸಬೇಡಿ. ಅತ್ಯಂತ ಹಳೆಯ ಲೇಖನ, ಉದ್ದ ಕನ್ನಡ ವಿಳಾಸದ ಒಂದು ಲೇಖನ, ಒತ್ತಕ್ಷರ ತುಂಬಿದ ಶೀರ್ಷಿಕೆ, ಹುಡುಕಾಟ, ಸಂಪರ್ಕ ಫಾರ್ಮ್, ಫೋಟೊ ಏರಿಸುವುದು ಇವಿಷ್ಟನ್ನೂ ಮಾಡಿ ನೋಡಿ. ಬ್ಯಾಕಪ್ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂಬ ಪರೀಕ್ಷೆಯೂ ಇದರಲ್ಲಿಯೇ ಆಗಿಬಿಡುತ್ತದೆ.

ಹಳೆಯ ಹೋಸ್ಟಿಂಗ್ ಖಾತೆಯನ್ನು ಯಾವಾಗ ಮುಚ್ಚಬಹುದು?

ಕನಿಷ್ಠ ಒಂದು ಪೂರ್ತಿ ತಿಂಗಳು ಎರಡನ್ನೂ ಇಟ್ಟುಕೊಳ್ಳಿ, ಸ್ವಲ್ಪ ಹಣ ಹೋದರೂ ಹೋಗಲಿ. ಮುಚ್ಚುವ ಮುಂಚೆ ಹಳೆಯ ಸರ್ವರಿನ ಆಕ್ಸೆಸ್ ಲಾಗ್ ತೆರೆದು ನೋಡಿ, ಇನ್ನೂ ಯಾರಾದರೂ ಅಲ್ಲಿಗೆ ಬರುತ್ತಿದ್ದರೆ ಯಾವುದೋ ಡಿಎನ್‌ಎಸ್ ದಾಖಲೆ ಬಾಕಿ ಇದೆ. ಇಮೇಲ್ ಪೆಟ್ಟಿಗೆಗಳು ಅಲ್ಲಿಯೇ ಇದ್ದರೆ ಹಳೆಯ ಪತ್ರಗಳನ್ನು ಐಮ್ಯಾಪ್ ಮೂಲಕ ಇಳಿಸಿಕೊಳ್ಳಿ. ಡೊಮೇನ್ ಕೂಡ ಅದೇ ಖಾತೆಯಲ್ಲಿ ನೋಂದಣಿಯಾಗಿದ್ದರೆ ಅದನ್ನು ಬೇರೆಡೆಗೆ ವರ್ಗಾಯಿಸದೆ ಖಾತೆ ಮುಚ್ಚಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 90 ದಿನ, ಹೊಸ ಸರ್ವರಿನಲ್ಲಿ ಅದು ತಾನಾಗಿ ನವೀಕರಣವಾಗುತ್ತದೆಯೇ ಎಂದು ಸರ್ಟ್‌ಬಾಟ್‌ನ (ಸರ್ಟಿಫಿಕೇಟ್ ತರುವ ತಂತ್ರಾಂಶ) ಡ್ರೈ-ರನ್ ಮೂಲಕ ಈಗಲೇ ನೋಡಿಕೊಳ್ಳಿ. ಕೊನೆಯದಾಗಿ ಹಳೆಯ ಸರ್ವರಿನಿಂದ ಇನ್ನೊಮ್ಮೆ ಪೂರ್ತಿ ಡಂಪ್ ತೆಗೆದು, ಫೈಲಿನ ಹೆಸರಿನಲ್ಲಿ ದಿನಾಂಕ ಮತ್ತು ಡೇಟಾಬೇಸ್ ಆವೃತ್ತಿ ಬರೆದು, ಸಂಘದ ಇನ್ನೊಬ್ಬರ ಬಳಿಯೂ ಒಂದು ಪ್ರತಿ ಇಡಿ.